ಬೂಟಿನೊಳಗಿನ ಬೆಣೆ

ಬೆಣೆ ಬಂದ ದಿನ ನಾನು ತುಂಬ ಖುಷಿಯಲ್ಲಿದ್ದೆ. ಆ ಖುಷಿಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮುಂದೆ ಎಲ್ಲರೂ ಬೈದದ್ದು ಆ ಬೆಣೆಯನ್ನೇ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮದು ಬಣ್ಣ, ಮೊಳೆ, ಕೀಲಿ ಮಾರುವ ಅಂಗಡಿ. ಅದರ ಮೇಲೆಯೇ ಮನೆ. ನನ್ನ ಗಂಡ ಶಿವಾನಂದ ಮಧ್ಯಾಹ್ನದ ಊಟಕ್ಕೆ ಮೇಲೆ ಬಂದವರು ಒಂದು ಪೊಟ್ಟಣವನ್ನು ನನ್ನ ಮುಂದೆ ಇಟ್ಟು, "ತಗೋ ಸುಜಾತಾ, ನಿನ್ನ ಬೂಟಿಗಿ" ಎಂದರು. ಒಳಗೆ ಗಟ್ಟಿ ರಬ್ಬರಿನ ಎರಡು ತುಂಡುಗಳಿದ್ದವು. ಹಿಂದೆ ದಪ್ಪ, ಮುಂದೆ ಬರುತ್ತ ಬರುತ್ತ ತೆಳು. ಬಾಗಿಲ ಸಂದಿಗೆ ಬಡಿಯುವ ಬೆಣೆಯಂತೆಯೇ ಇದ್ದುದರಿಂದ ನಮ್ಮ ಮನೆಯಲ್ಲಿ ಅದಕ್ಕೆ ಬೆಣೆ ಎಂದೇ ಹೆಸರಾಯಿತು.

ಭಾರ ಎತ್ತುವವರ ಬೂಟು ಬೇರೆ ಇರುತ್ತದೆ. ಅದರ ಹಿಮ್ಮಡ ಎತ್ತರ, ಕಟ್ಟಿಗೆಯಷ್ಟು ಗಟ್ಟಿ. ಅದನ್ನು ಹಾಕಿಕೊಂಡು ಕುಕ್ಕರುಗಾಲಲ್ಲಿ ಎಷ್ಟು ಕೆಳಗೆ ಕೂತರೂ ಬೆನ್ನು ನೆಟ್ಟಗೆ ನಿಲ್ಲುತ್ತದೆ. ನನ್ನ ಅಳತೆಯದು ನಮ್ಮೂರಿನಲ್ಲಿ ಸಿಕ್ಕಿರಲಿಲ್ಲ. ನಾನು ಹಾಕುತ್ತಿದ್ದದ್ದು ಓಡುವವರ ಮೆತ್ತನೆಯ ಬೂಟು. ಭಾರ ಹೆಗಲಿಗೆ ಬಂದಾಗ ಹಾಸಿಗೆಯ ಮೇಲೆ ನಿಂತಂತೆ ಕಾಲು ಅಲುಗುತ್ತಿತ್ತು. ಅದೇ ಬೂಟಿನ ಒಳಗೆ ಇಂಥ ಬೆಣೆ ಇಟ್ಟರೆ ಕೆಲಸ ನಡೆಯುತ್ತದೆ ಎಂದು ಹೇಳಿದವರು ನನಗೆ ಕಲಿಸುತ್ತಿದ್ದ ಮಠಪತಿ ಸರ್.

ನನ್ನ ತವರು ತಿಕೋಟಾ. ಅಪ್ಪನಿಗೆ ದ್ರಾಕ್ಷಿ ತೋಟ. ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ನಮ್ಮ ಅಣ್ಣನ ಜೋಡಿ ಪೈಪೋಟಿ ಮಾಡಿ ಟೆಂಪೋಕ್ಕೆ ಏರಿಸುತ್ತಿದ್ದವಳು ನಾನು. ಕಾಲೇಜಿನಲ್ಲಿ ಭಾರ ಎತ್ತಲು ಕಲಿತೆ, ಮದುವೆಯಾದ ಮೇಲೆ ಬಿಟ್ಟೆ. ಮಗಳು ಸಾನ್ವಿ ಬಾಲವಾಡಿಗೆ ಹೋಗಲು ಶುರು ಮಾಡಿದ ಮೇಲೆ ಮತ್ತೆ ಹಿಡಿದೆ. ಬೆಳಿಗ್ಗೆ ಅವಳನ್ನು ಬಿಟ್ಟು ಬಂದು ಸರ್ ನಡೆಸುವ ತಾಲೀಮು ಮನೆಗೆ ಹೋಗುತ್ತಿದ್ದೆ. ಮೊದಲ ಸಲ ಬೆಣೆ ಹಾಕಿಕೊಂಡು ಕೆಳಗೆ ಕೂತು ಎದ್ದಾಗ ಸರ್ ತಾವು ಕೂತಿದ್ದ ಕುರ್ಚಿಯಿಂದ ಎದ್ದು ನಿಂತರು. "ಈಗ ಕುಂತಿ ನೋಡವಾ! ಹಿಂಗ ಕುಂತ್ರ ರಾಜ್ಯಮಟ್ಟಕ್ಕ ಕಳಸತೇನಿ ನಿನ್ನ" ಎಂದರು. ಮನೆಗೆ ಬರುವ ದಾರಿಯಲ್ಲಿ ನಾನು ಒಬ್ಬಳೇ ನಗುತ್ತ ಬಂದೆ.

ಕೆಲವು ವಾರಗಳ ಮೇಲೆ ಎಡಗಾಲಿನ ಹರಡು, ಅಂದರೆ ಪಾದ ಕಾಲಿಗೆ ಕೂಡುವ ಕೀಲು, ನೋಯಲು ಶುರುವಾಯಿತು. ಮೊದಲು ಮೆಟ್ಟಿಲು ಇಳಿಯುವಾಗ ಮಾತ್ರ. ಆಮೇಲೆ ರೊಟ್ಟಿ ಬಡಿಯುತ್ತ ನಿಂತಾಗಲೂ ನೋವು. ಸಂಜೆಯಾದರೆ ಹರಡಿನ ಎರಡೂ ಬದಿ ಊದಿಕೊಂಡು, ಒತ್ತಿದರೆ ನೆನೆದ ಹಿಟ್ಟಿನ ಹಾಗೆ ಬೆರಳು ಒಳಗೆ ಹೋಗುತ್ತಿತ್ತು. ಸರ್ ಬೂಟಿನಿಂದ ಬೆಣೆ ತೆಗೆಸಿದರು, ಭಾರ ಇಳಿಸಿದರು, ಕಡೆಗೆ ಬರುವುದೇ ಬೇಡ ಎಂದರು. ನೋವು ಮಾತ್ರ ಹಾಗೆಯೇ ಉಳಿಯಿತು.

ಬಬಲೇಶ್ವರದಿಂದ ನಮ್ಮ ಅತ್ತೆ ಬಂದಿದ್ದರು. ನನ್ನ ಕಾಲು ನೋಡಿ ಬೆಣೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ದೇವ್ರು ಕೊಟ್ಟ ಹಿಮ್ಮಡ ಸಾಲ್ಲಿಲ್ಲೇನು ನಿನಗ? ಇದರ ಮ್ಯಾಲ ನಿಂತು ಭಾರ ಹೊತ್ರ ಎಲುವು ಸರಿಯಂಗಿಲ್ಲೇನು?" ಎಂದರು. ಗಂಡನ ಕಡೆ ತಿರುಗಿ, "ಇದನ್ನ ತಂದುಕೊಟ್ಟಾಂವ ನೀನು" ಎಂದರು. ಆ ದಿನ ಸಂಜೆಯೇ ಎರಡೂ ಬೆಣೆಗಳು ಕಸದ ಗಾಡಿಗೆ ಹೋದವು.

ಮೊದಲು ತೋರಿಸಿದ ಡಾಕ್ಟರೂ ಅದೇ ಮಾತು ಆಡಿದರು. ಏನಾಯಿತು ಎಂದು ಕೇಳಿದಾಗ ನಾನು ಭಾರ ಎತ್ತುವ ವಿಷಯ, ಬೆಣೆಯ ವಿಷಯ ಎಲ್ಲ ಹೇಳಿದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಎಲುಬಿಗೆ ಏನೂ ಆಗಿಲ್ಲರಿ. ಉಳುಕೈತಿ. ಹೆಣ್ಣುಮಕ್ಕಳು ಇಂಥಾದ್ದೆಲ್ಲಾ ಯಾಕ ಮಾಡತೀರಿ?" ಎಂದು ನಕ್ಕರು. ಪಟ್ಟಿ ಸುತ್ತಿದರು. ಮತ್ತೆ ಹೋದಾಗ ಕೀಲಿನೊಳಗೇ ಒಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ದಿನ ಹಗುರಾಯಿತು, ಆಮೇಲೆ ಮೊದಲಿಗಿಂತ ಜಾಸ್ತಿಯಾಯಿತು. ತೊರವಿಯಲ್ಲಿ ಎಲುಬು ತಿಕ್ಕುವವರೊಬ್ಬರು ಇದ್ದಾರೆಂದು ಯಾರೋ ಹೇಳಿದರು. ಹೋದೆವು. ಅವರು ಬಿಸಿ ಎಣ್ಣೆ ಹಚ್ಚಿ ತಿಕ್ಕಿದಾಗ ನಾನು ಕೂಗಿದ ಕೂಗಿಗೆ ಹೊರಗೆ ಕೂತಿದ್ದ ಜನ ಎದ್ದು ಒಳಗೆ ಬಂದರು.

ಈಗ ಯೋಚಿಸಿದರೆ ಒಂದು ಅನಿಸುತ್ತದೆ. ಬೆಣೆ ಎಂಬ ಕಾರಣ ಕೈಗೆ ಸಿಕ್ಕಿದ್ದು ಎಲ್ಲರಿಗೂ ಒಂದು ನೆಮ್ಮದಿ ಕೊಟ್ಟಿತ್ತು. ಅದರಾಚೆ ಯಾರೂ ಹುಡುಕಲಿಲ್ಲ. ಸಂಜೆ ಹೊತ್ತಿಗೆ ನನ್ನ ಮೈ ಬೆಚ್ಚಗಾಗುತ್ತಿತ್ತು; ಮನೆಗೆಲಸದ ದಣಿವು ಅಂದುಕೊಂಡೆ. ತೂಕ ಇಳಿಯುತ್ತಿತ್ತು, ಕಾಲು ವಾಸಿಯಾದರೆ ಕೆಳಗಿನ ತೂಕದ ವರ್ಗದಲ್ಲಿ ಸ್ಪರ್ಧಿಸಬಹುದು ಎಂದು ಒಳಗೊಳಗೇ ಸಂತೋಷಪಟ್ಟೆ. ಕುಪ್ಪಸ ಸಡಿಲಾದಾಗ ಹೊಲಿದು ಚಿಕ್ಕದು ಮಾಡಿಕೊಂಡೆ.

ಒಂದು ದಿನ ಗಂಡ ನನ್ನ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದವರು ತಟ್ಟನೆ ನಿಂತರು. "ನಿನ್ನ ಕೈ ಯಾಕ ಇಷ್ಟು ಸಣ್ಣ ಆಗ್ಯಾವು?" ಎಂದರು. ಅಂಗಡಿಯ ಬಾಗಿಲು ಎಳೆದು, ನಾನು ಬೇಡವೆಂದರೂ ಕೇಳದೆ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆ ಆಸ್ಪತ್ರೆಯ ಹೊರಗೋಣೆಯಲ್ಲಿ ನಾನು ಕಳೆದ ಹೊತ್ತು ಇನ್ನೂ ಕನಸಿನಲ್ಲಿ ಬರುತ್ತದೆ. ಉಕ್ಕಿನ ಬೆಂಚುಗಳು. ಎಲ್ಲರ ತೊಡೆಯ ಮೇಲೆ ದೊಡ್ಡ ಕವರಿನಲ್ಲಿ ತಮ್ಮ ತಮ್ಮ ಎಲುಬಿನ ಚಿತ್ರ. ಎದುರಿಗೆ ಒಬ್ಬಾತ ಮುರಿದ ಕೈ ಕೊರಳಿಗೆ ಕಟ್ಟಿಕೊಂಡು ಕೂತಿದ್ದ. ಅವನ ಹೆಂಡತಿ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಪ್ರತಿ ಸಲ ಬಾಗಿಲು ತೆರೆದಾಗ ಎಲ್ಲರೂ ತಲೆ ಎತ್ತುವುದು, ಬೇರೆಯವರ ಹೆಸರು ಕೇಳಿ ತಲೆ ತಗ್ಗಿಸುವುದು. ಎಂಆರ್‌ಐ ಆಯಿತು. ಕೀಲಿನೊಳಗೆ ಸೂಜಿ ಹಾಕಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರುವ ತನಕ ಗಂಡ ಗಿರಾಕಿ ಬಿಳಿ ಬಣ್ಣ ಕೇಳಿದರೆ ಹಸಿರು ಕೊಡುತ್ತಿದ್ದರಂತೆ.

ಉತ್ತರ ಬಂದ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿದರು. ವಯಸ್ಸಾದವರು, ನಿಧಾನವಾಗಿ ಮಾತಾಡುತ್ತಿದ್ದರು.

"ಇದು ಉಳುಕಲ್ರಿ, ಎಲುಬಿನ ಟಿಬಿ. ಕೀಲಿನೊಳಗ ಕುಂತೈತಿ."

"ಆ ಬೆಣಿ ಹಾಕ್ಕೊಂಡಿದ್ದಕ್ಕೇನ್ರಿ?" ಗಂಡ ಕೇಳಿದರು.

"ಯಾವ ಬೆಣಿ?" ಅವರು ಪೂರ್ತಿ ಕೇಳಿಸಿಕೊಂಡರು. "ಇಲ್ಲರಿ ಯಪ್ಪಾ. ಅದಕ್ಕೂ ಇದಕ್ಕೂ ಸಂಬಂಧಿಲ್ಲ. ಅದನ್ನ ಮನಸಿನಾಗಿಂದ ತಗದುಬಿಡ್ರಿ."

ಗಂಡ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಕೇಳಿದ್ದು ಒಂದೇ. "ಮಗಳಿಗಿ ಹತ್ತತೈತೇನ್ರಿ?"

"ನಿಮ್ಮ ಎದಿ ಚೊಕ್ಕ ಐತಿ. ಎಲುಬಿನಾಗ ಇದ್ದದ್ದು ಕೆಮ್ಮಿನಿಂದ ಹರಡೂದಲ್ಲ. ಆಕಿನ್ನ ಎತ್ತಾಡಸ್ರಿ, ಜೋಡಿ ಊಟ ಮಾಡ್ರಿ." ಆಮೇಲೆ ಅವರು ಕಾಲಿನ ವಿಷಯಕ್ಕೆ ಬಂದರು. ಕೀಲಿನ ಮೆತ್ತನೆಯ ಪದರು ಸವೆದು ಹೋಗಿದೆ, ರೋಗ ವಾಸಿಯಾದರೂ ಕೀಲು ಮೊದಲಿನಂತೆ ಮಡಚುವುದಿಲ್ಲ ಎಂದರು. ಭಾರ ಎತ್ತಬಹುದೇ ಎಂದು ಕೇಳಬೇಕೆಂದಿದ್ದೆ. ಗುಳಿಗೆ ಯಾವಾಗ ನುಂಗಬೇಕು ಎಂದು ಕೇಳಿದೆ.

ಡಾಕ್ಟರು ಹೇಳಿದ ಮಾತನ್ನು ನಾವು ಒಂದಕ್ಷರ ಬಿಡದೆ ಅತ್ತೆಗೆ ಹೇಳಿದೆವು. ಅವರು ಕೇಳಿದರು, ತಲೆ ಆಡಿಸಿದರು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಸಾನ್ವಿಯ ಬಟ್ಟೆ ಚೀಲದಲ್ಲಿ ಮಡಚಿ ಇಟ್ಟಿದ್ದರು.

"ಒಂದಿಷ್ಟು ದಿನ ಬಬಲೇಶ್ವರದಾಗ ಇರ್ಲಿ ಕೂಸು."

"ಅತ್ತಿ, ಹತ್ತಂಗಿಲ್ಲಂತ ಡಾಕ್ಟರು ಹೇಳ್ಯಾರಲ್ರಿ."

"ಡಾಕ್ಟರು ಹೇಳತಾರವಾ. ಅವರಿಗೇನು, ಅವರ ಮೊಮ್ಮಗಳಲ್ಲ. ನಮ್ಮ ತಂಗಿ ಹಿಂಗ ಕೆಮ್ಮಿ ಕೆಮ್ಮಿ ಹೋದಾಕಿ. ನಾ ಕಣ್ಣಾರೆ ನೋಡೇನಿ." ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ಜಗಳಕ್ಕೆ ಬಂದಿದ್ದರೆ ಎದುರು ಮಾತಾಡುತ್ತಿದ್ದೆ. ಅವರು ಅಂಜಿಕೊಂಡಿದ್ದರು. ಸಾನ್ವಿಯ ಸ್ವೆಟರನ್ನು ನಾನೇ ಚೀಲಕ್ಕೆ ಹಾಕಿದೆ. ಗಂಡ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಸಾನ್ವಿ ಬಸ್ಸಿಗೆ ಹೋಗುವ ಹುರುಪಿನಲ್ಲಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲಿನ ತಿಂಗಳುಗಳನ್ನು ಬಿಡಿಸಿ ಬಿಡಿಸಿ ಹೇಳಲು ಆಗುವುದಿಲ್ಲ. ಒಂದರ ಮುಖ ಇನ್ನೊಂದಕ್ಕಿತ್ತು. ಬೆಳಿಗ್ಗೆ ಎದ್ದ ಕೂಡಲೆ ಗುಳಿಗೆ. ನುಂಗಿದ ಮೇಲೆ ಹೊಟ್ಟೆ ತೊಳಸುವುದು. ಮೊದಲ ದಿನ ಮೂತ್ರ ಕೆಂಪಗೆ ಹೋದಾಗ ರಕ್ತವೆಂದು ಕಿರುಚಿದೆ. ಅದು ಗುಳಿಗೆಯ ಬಣ್ಣ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ನಡುವೆ ಒಂದು ಸಲ ಆಪರೇಷನ್ ಮಾಡಿ ಕೀಲಿನೊಳಗಿನ ಕೀವು ತೆಗೆದು, ಮೊಣಕಾಲ ತನಕ ಪ್ಲಾಸ್ಟರು ಹಾಕಿದರು. ಮಹಡಿಯ ಕಿಟಕಿಯ ಹತ್ತಿರ ಮಂಚ ಹಾಕಿಸಿಕೊಂಡಿದ್ದೆ. ಕೆಳಗೆ ಗುಡಿಗೆ ಹೋಗುವವರು, ಹೂವು ಮಾರುವವರು, ಕಾಯಿ ಒಡೆಯುವ ಸಪ್ಪಳ. ನನ್ನ ತೊಡೆ ದಿನದಿನಕ್ಕೆ ಸಣ್ಣದಾಗುವುದನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದೆ. ಎಷ್ಟು ವರ್ಷ ಬೆವರು ಸುರಿಸಿ ಕಟ್ಟಿದ ಮೈ ಎಷ್ಟು ಬೇಗ ಹೋಗುತ್ತದೆ ಎಂಬುದು ಮಲಗಿದವರಿಗೇ ಗೊತ್ತು.

ಮಾಳವ್ವ ನನಗೆ ಸಿಕ್ಕದ್ದು ಆಪರೇಷನ್ನಿಗೆ ಮೊದಲು, ಸರ್ಕಾರಿ ಗುಳಿಗೆ ಕೊಡುವ ಕೋಣೆಯ ಹೊರಗೆ. ಕನಮಡಿಯವಳು, ಕುರಿ ಕಾಯುವ ಮನೆಯ ಸೊಸೆ, ನನ್ನ ವಾರಿಗೆಯವಳೇ. ಅವಳ ಗಂಡ ಕುರಿ ಹೊಡೆದುಕೊಂಡು ಮಹಾರಾಷ್ಟ್ರದ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವಳಿಗೆ ಬೆನ್ನೆಲುಬಿನ ಟಿಬಿ. ಬಗ್ಗಲು ಆಗುತ್ತಿರಲಿಲ್ಲವಾದ್ದರಿಂದ ಗೋಡೆಗೆ ಆನಿಸಿಕೊಂಡು ಕಂಬದ ಹಾಗೆ ನಿಲ್ಲುತ್ತಿದ್ದಳು.

"ನಿನಗೆಲ್ಲಿ ಬೇ?" ಎಂದು ಕೇಳಿದಳು, ಊರು ಕೇಳಿದಷ್ಟು ಸರಳವಾಗಿ.

"ಕಾಲಾಗ."

"ನನಗ ಬೆನ್ನಾಗ. ನಮ್ಮಿಬ್ಬರ್ನ ಕೂಡಿಸಿದ್ರ ಒಂದು ಛಲೋ ಹೆಂಗಸು ಆಗತೈತಿ ನೋಡು" ಎಂದು ನಕ್ಕಳು. ಆ ಕಾಯಿಲೆಯ ಹೆಸರು ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಆಮೇಲೆ ಗುಳಿಗೆಗೆ ಹೋದಾಗಲೆಲ್ಲ ಅವಳನ್ನು ಹುಡುಕುತ್ತಿದ್ದೆ. ಅವಳು ಜೋಳದ ರೊಟ್ಟಿ ತರುತ್ತಿದ್ದಳು, ನಾನು ಒಣದ್ರಾಕ್ಷಿ. ನನ್ನ ನೀರಿನ ಬಾಟಲಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದಳು. ಹಾಗೆ ಕುಡಿಯುವವರು ಬೇರೆ ಯಾರೂ ಇರಲಿಲ್ಲ. ನಾನು ಭಾರ ಎತ್ತುತ್ತಿದ್ದೆ ಎಂದಾಗ ಅವಳು ನಂಬಲಿಲ್ಲ. ಮೊಬೈಲಿನಲ್ಲಿ ಹಳೆಯ ಚಿತ್ರ ತೋರಿಸಿದೆ. ತುಂಬ ಹೊತ್ತು ನೋಡಿ, "ತುಂಬಿದ ಕುರಿ ಎತ್ತತೀಯೇನು ನೀ?" ಎಂದು ಕೇಳಿದಳು. ಎರಡು ಎತ್ತುತ್ತಿದ್ದೆ ಎಂದೆ.

ನನಗೆ ಪ್ಲಾಸ್ಟರು ಬಿದ್ದ ಮೇಲೆ ಗುಳಿಗೆ ತರಲು ಗಂಡ ಹೋಗತೊಡಗಿದರು. ಕೆಲವು ಸಲ ಅವಳ ಸುದ್ದಿ ತಂದರು. ಆಮೇಲೆ ಅವಳು ಕಾಣಲಿಲ್ಲ ಎಂದರು. ಫೋನು ಹತ್ತುತ್ತಿರಲಿಲ್ಲ. ಊರ ಹತ್ತಿರದ ಆಸ್ಪತ್ರೆಗೆ ಗುಳಿಗೆ ಬರಮಾಡಿಕೊಂಡಿರಬೇಕು ಅಂದುಕೊಂಡೆವು.

ಪ್ಲಾಸ್ಟರು ಕೊಯ್ದು ತೆಗೆದ ದಿನ ಅದರೊಳಗಿಂದ ಬಂದದ್ದು ಯಾರದೋ ಕಾಲಿನ ಹಾಗಿತ್ತು. ಸಣ್ಣ, ಕಪ್ಪು, ತೊಗಲು ಉದುರುವ ಕಾಲು. ಹರಡು ಸ್ವಲ್ಪ ಕೆಳಮುಖವಾಗಿಯೇ ಬಿಗಿದುಕೊಂಡಿತ್ತು. ನೆಲದ ಮೇಲೆ ನಿಂತರೆ ಬೆರಳು ತಾಕುತ್ತಿತ್ತು, ಹಿಮ್ಮಡ ತಾಕುತ್ತಿರಲಿಲ್ಲ. ಡಾಕ್ಟರು ಪಾದ ಹಿಡಿದು ನೋಡಿ, "ಇದು ಇಷ್ಟರಿ. ಇನ್ನ ಬೂಟಿನೊಳಗ ಹಿಮ್ಮಡದ ಕೆಳಗ ಏನರ ಎತ್ತರ ಇಟ್ಟುಕೊಂಡು ನಡೀಬೇಕು" ಎಂದರು. ಗಂಡ ನಾನು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊರಗೆ ಬಂದು ಗಾಡಿಯ ಹತ್ತಿರ ನಿಂತು ಅವರು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊಸ ಬೆಣೆ ತರಿಸಿದೆವು. ಎಡಗಾಲಿಗೆ ದಪ್ಪನೆಯದು, ಸರಿದೂಗಲು ಬಲಗಾಲಿಗೆ ತೆಳುವಾದದ್ದು. ಅದೇ ಓಡುವವರ ಬೂಟು. ಅದನ್ನು ಹಾಕಿಕೊಂಡರೆ ಕುಂಟುವುದು ಕಡಿಮೆ ಕಾಣುತ್ತದೆ. ಗುಳಿಗೆ ಮುಗಿದು, ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ ಮಠಪತಿ ಸರ್ ಹತ್ತಿರ ಹೋದೆ. ಅವರು ಖಾಲಿ ಸಲಾಕೆ ನನ್ನ ಹೆಗಲಿಗಿಟ್ಟು, ಹಿಂದೆ ನಿಂತು ಕಾದರು. ಬೆಣೆಯ ಆಸರೆಯಲ್ಲಿ ಅರ್ಧ ಕೂತೆ, ಎದ್ದೆ. ಇನ್ನೂ ಕೆಳಗೆ ಹೋಗಲು ಕೀಲು ಬಿಡಲಿಲ್ಲ.

"ಸರ್, ಸ್ಪರ್ಧಾ?" ಎಂದೆ.

ಅವರು ಸಲಾಕೆ ಇಳಿಸಿಕೊಂಡು ಅದರ ಜಾಗದಲ್ಲಿಟ್ಟರು. "ಅದು ಮುಗೀತವಾ. ಸುಳ್ಳು ಹೇಳಂಗಿಲ್ಲ ನಾ. ಆದ್ರ ನಿನ್ನ ಮೈ ನಿನಗ ಬೇಕಲ್ಲ, ದಿನಾ ಬಾ." ನಾನು ದಿನಾ ಹೋಗುತ್ತೇನೆ. ಮೂಲೆಯಲ್ಲಿ ನನ್ನಷ್ಟಕ್ಕೆ ಅರ್ಧ ಕೂತು ಏಳುತ್ತೇನೆ. ನನ್ನ ಜಾಗದಲ್ಲಿ ಈಗ ಕಾಲೇಜಿನ ಹುಡುಗಿಯರು ಎತ್ತುತ್ತಾರೆ. ಅವರನ್ನು ನೋಡುವುದು ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ.

ಸಾನ್ವಿ ಮನೆಗೆ ಬಂದಾಗ ಅವಳಿಗೆ ಹಲ್ಲು ಬಿದ್ದಿತ್ತು. ಅವಳ ಮೊದಲ ಹಲ್ಲು ಬಿದ್ದದ್ದು ನನಗೆ ಫೋನಿನಲ್ಲಿ ಗೊತ್ತಾಗಿತ್ತು. ಅಜ್ಜಿಯ ಸೆರಗು ಹಿಡಿದು ಒಳಗೆ ಬಂದಳು. ಊಟಕ್ಕೆ ಕೂತಾಗ ನಾನು ನನ್ನ ಲೋಟದಿಂದ ನೀರು ಕೊಡಲು ಹೋದರೆ ಕೈ ಹಿಂದೆ ತೆಗೆದುಕೊಂಡು, "ಅದು ಮಮ್ಮಿದು, ಮುಟ್ಟಬಾರ್ದು" ಎಂದಳು. ಅತ್ತೆ ತಲೆ ತಗ್ಗಿಸಿದರು. ನಾನು ಏನೂ ಆಗದವಳಂತೆ ಬೇರೆ ಲೋಟ ತಂದೆ. ಈಗ ಅವಳು ನನ್ನ ಮಗ್ಗುಲಲ್ಲೇ ಮಲಗುತ್ತಾಳೆ. ಆದರೆ ನನ್ನ ತಟ್ಟೆಗೆ ಕೈ ಹಾಕುವ ಮೊದಲು ಒಂದು ಗಳಿಗೆ ತಡೆಯುತ್ತಾಳೆ. ಅದು ಹೋಗಿಲ್ಲ.

ಗುಳಿಗೆಯ ಕೋಣೆಗೆ ಕಡೆಯ ಸಲ ಹೋದಾಗ ಅಲ್ಲಿಯ ನರ್ಸಮ್ಮನನ್ನು ಮಾಳವ್ವನ ಬಗ್ಗೆ ಕೇಳಿದೆ. ಅವಳು ಗುಳಿಗೆ ಬಿಟ್ಟಿದ್ದಾಳೆ, ವಿಚಾರಿಸಲು ಹೋದ ಆಸ್ಪತ್ರೆಯವರಿಗೆ ಅವಳ ಗಂಡನ ಮನೆಯವರು ಊರಲ್ಲಿಲ್ಲ ಎಂದು ಹೇಳಿ ಕಳಿಸಿದರು ಎಂದರು. ನನಗೆ ಅದು ಸರಿ ಅನಿಸಲಿಲ್ಲ. ಆ ಭಾನುವಾರ ಗಂಡ ಗಾಡಿ ತೆಗೆದರು. ತೊರವಿ, ತಿಕೋಟಾ ದಾಟಿ ಕನಮಡಿಗೆ ಹೋದೆವು.

ಅವಳು ಅಲ್ಲೇ ಇದ್ದಳು. ಅದೇ ಊರಿನ ಅವಳ ಅಣ್ಣನ ಮನೆಯ ಒಳಕೋಣೆಯಲ್ಲಿ, ಹೊರಸಿನ ಮೇಲೆ. ಸೊಂಟದ ಕೆಳಗೆ ಸ್ಪರ್ಶವಿರಲಿಲ್ಲ. ಬೆನ್ನಿಗೆ ಹುಣ್ಣಾಗಿ ಕೋಣೆಯೆಲ್ಲ ಅದರದೇ ವಾಸನೆ. ಗುಳಿಗೆ ನುಂಗಿದಾಗಲೆಲ್ಲ ವಾಂತಿಯಾಗುತ್ತಿತ್ತಂತೆ, ನಡುವೆ ಸ್ವಲ್ಪ ಆರಾಮಾಯಿತಂತೆ, ಬಿಟ್ಟಳಂತೆ. ಕಾಲು ಬಿದ್ದ ಮೇಲೆ ಗಂಡನ ಮನೆಯವರು ತಂದು ಇಲ್ಲಿ ಬಿಟ್ಟು ಹೋಗಿದ್ದರು. ಅಣ್ಣ ಏನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲಿ ಕೂತಿದ್ದ.

ಅವಳು ನನ್ನ ಮುಖ ನೋಡಲಿಲ್ಲ, ಮೊದಲು ಕಾಲು ನೋಡಿದಳು. "ನಡ್ಯಾಕತ್ತೀಯಲ್ಲ ಬೇ" ಎಂದಳು.

ನನ್ನ ಗಂಡ ಡಾಕ್ಟರಿಗೆ ಫೋನು ಮಾಡಿದರು. ಕೂಡಲೆ ಕರೆತನ್ನಿ, ಆದರೆ ಬೆನ್ನು ಬಗ್ಗಬಾರದು, ಹಲಗೆಯ ಮೇಲೆ ನೆಟ್ಟಗೆ ಮಲಗಿಸಿ ತನ್ನಿ ಎಂದರು. ಆಂಬುಲೆನ್ಸ್ ಬಂತು, ಓಣಿಯೊಳಗೆ ಬರಲಿಲ್ಲ. ಆಂಬುಲೆನ್ಸಿನವನು ಹಲಗೆ ತಂದ. ಎಲ್ಲರೂ ಸೇರಿ ಅವಳನ್ನು ಮೆಲ್ಲಗೆ ಅದರ ಮೇಲೆ ಸರಿಸಿ, ಹಲಗೆಯನ್ನು ನೆಲಕ್ಕಿಳಿಸಿ ಪಟ್ಟಿ ಕಟ್ಟಿದೆವು. ಕಾಲಿನ ಕಡೆ ಗಂಡ ಮತ್ತು ಅವಳ ಅಣ್ಣ, ತಲೆಯ ಕಡೆ ಒಂದು ಮೂಲೆಗೆ ಆಂಬುಲೆನ್ಸಿನವನು, ಇನ್ನೊಂದಕ್ಕೆ ನಾನು. "ನೀವು ಬಿಡ್ರಿ ಅಕ್ಕಾರ, ನಿಮ್ಮ ಕಾಲು..." ಎಂದ ಅವನು. ನಾನು ಬಿಡಲಿಲ್ಲ. ಬೂಟು ಊರಿ, ಕೀಲು ಬಿಟ್ಟಷ್ಟು ಕೆಳಗೆ ಕೂತು, ಬೆನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದೆ. ಭಾರಕ್ಕೆ ಮೈಯೆಲ್ಲ ಬಿಗಿದುಕೊಂಡಿತ್ತು.

ಹಲಗೆ ತಟ್ಟನೆ ಮೇಲೆ ಬಂತು. ನಾನು ಹಿಂದಕ್ಕೆ ಬೀಳುವುದರಲ್ಲಿದ್ದೆ. ಅಲ್ಲಿ ಭಾರವೇ ಇರಲಿಲ್ಲ.

"ಸಾವಕಾಶ ಬೇ, ನಿನ್ನ ಕಾಲು" ಎಂದಳು ಮಾಳವ್ವ, ಮಲಗಿದಲ್ಲಿಂದಲೇ.

ಅವಳಿಗೆ ಗುಳಿಗೆ ಮತ್ತೆ ಶುರುವಾಗಿದೆ, ಬೆನ್ನಿನ ಆಪರೇಷನ್ ಆಗಿದೆ. ಕಾಲು ಬರಬಹುದು, ಬರದೆಯೂ ಇರಬಹುದು ಎನ್ನುತ್ತಾರೆ. ಅವಳ ಗಂಡ ಇನ್ನೂ ಬಂದಿಲ್ಲ. ನಾನು ತಾಲೀಮು ಮುಗಿಸಿ ಆಸ್ಪತ್ರೆಗೆ ಹೋಗಿ ನರ್ಸಿನ ಜೋಡಿ ಅವಳನ್ನು ಮಗ್ಗುಲು ಹೊರಳಿಸುತ್ತೇನೆ. ಇಂಥ ಕೋಣೆಗಳಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ನಾನು ಧೈರ್ಯ ಹೇಳುವಷ್ಟು ದೊಡ್ಡವಳಲ್ಲ. ಗುಳಿಗೆ ಬಿಡಬೇಡಿ, ಪಕ್ಕದಲ್ಲಿ ಕೂತವರು ಬರುವುದು ನಿಂತರೆ ಹುಡುಕಿಕೊಂಡು ಹೋಗಿ, ಅಷ್ಟೇ ಗೊತ್ತು ನನಗೆ.

ಮೊನ್ನೆ ಹೊರಳಿಸುವಾಗ ಅವಳು ನನ್ನ ಕುತ್ತಿಗೆ ಹಿಡಿದುಕೊಂಡು ಕೇಳಿದಳು, "ಖರೇ ಹೇಳು, ಭಾಳ ಹಗುರ ಆಗೇನೇನು ನಾ?"

"ಹುಚ್ಚಿ ಅದಿಯೇನು? ಎರಡು ತುಂಬಿದ ಕುರಿ ಎತ್ತಿದಂಗ ಆಗತೈತಿ. ನನ್ನ ಸೊಂಟ ಹೋತು" ಎಂದೆ.

ಅವಳು ನಕ್ಕಳು. ನಂಬಿದ ಹಾಗೆ ಕಂಡಿತು.